ತಟ್ಟೆ ಬೇರೆ ಮಾಡಬೇಡಿ, ಮಾತ್ರೆ ನಿಲ್ಲಿಸಬೇಡಿ

ಪ್ರಶ್ನೆ: ನಾನು ಕೆ.ಆರ್. ಪುರದವಳು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಆರು ವರ್ಷದಿಂದ ಎಚ್‌ಐವಿಗೆ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಗ ಹೆಪಟೈಟಿಸ್ ಬಿ ಕೂಡ ಇದೆ ಎಂದು ರಿಪೋರ್ಟ್ ಬಂದಿದೆ. ಮಗಳಿಗೆ ಅಂಟೀತೆಂದು ನನ್ನ ತಟ್ಟೆ, ಲೋಟ ಬೇರೆ ಮಾಡಿಕೊಂಡಿದ್ದೇನೆ. ಕಾಮಾಲೆಗೆ ನಾಟಿ ಔಷಧಿ ಮಾಡಿಸೋಣ, ಅಲ್ಲಿಯವರೆಗೆ ಇಂಗ್ಲಿಷ್ ಮಾತ್ರೆ ಬಿಡು ಎನ್ನುತ್ತಾರೆ ಚಿಕ್ಕಮ್ಮ. ನನಗೇ ಯಾಕೆ ಎರಡೆರಡು ಕಾಯಿಲೆ?

ಉತ್ತರ: ಒಂದು ನೋವನ್ನು ನುಂಗಿಕೊಂಡು ಆರು ವರ್ಷದಲ್ಲಿ ಬದುಕನ್ನು ಹದಕ್ಕೆ ತಂದುಕೊಂಡಿರಿ. ಅಷ್ಟರಲ್ಲಿ ಇನ್ನೊಂದು ಹೆಸರು ಕೇಳಿದರೆ ಯಾರಿಗಾದರೂ ಎದೆ ಕುಸಿಯುತ್ತದೆ. ಅಳು ಬಂದರೆ ಅತ್ತುಬಿಡಿ.

ಆದರೆ 'ನನಗೇ' ಎನ್ನುವುದನ್ನು ಮಾತ್ರ ಬಿಡಿ. ಜಗತ್ತಿನಲ್ಲಿ ಎಚ್‌ಐವಿ ಇರುವ ನೂರು ಜನರಲ್ಲಿ ಸುಮಾರು 7 ಮಂದಿಗೆ ಹೆಪಟೈಟಿಸ್ ಬಿ ಕೂಡ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಎರಡೂ ವೈರಸ್ ಬರುವ ದಾರಿ ಒಂದೇ: ರಕ್ತ, ಲೈಂಗಿಕ ಸಂಪರ್ಕ, ತಾಯಿಯಿಂದ ಮಗು. ಇದರಲ್ಲಿ ಪಾಪ, ಕರ್ಮದ ಲೆಕ್ಕವಿಲ್ಲ.

ಸಮಾಧಾನದ ಸಂಗತಿಯೂ ಇದೆ. ಈಗ ಎಆರ್‌ಟಿ ಸೆಂಟರುಗಳಲ್ಲಿ ಹೆಚ್ಚಿನವರಿಗೆ ಕೊಡುವ ಮಾತ್ರೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಇರುತ್ತವೆ. ಮೊದಲಿನ ಎರಡು ಹೆಪಟೈಟಿಸ್ ಬಿ ವೈರಸ್ಸನ್ನೂ ಅಡಗಿಸುತ್ತವೆ. ನಿಮ್ಮದೂ ಅದೇ ಮಾತ್ರೆಯಾದರೆ ಎರಡನೆಯದಕ್ಕೂ ಮದ್ದು ಆಗಲೇ ಶುರುವಾಗಿದೆ. ತಟ್ಟನೆ ನಿಲ್ಲಿಸಿದರೆ ಅಡಗಿದ್ದ ವೈರಸ್ ಮತ್ತೆ ಎದ್ದು ಲಿವರ್‌ಗೆ ದೊಡ್ಡ ಪೆಟ್ಟು ಕೊಡಬಹುದು. ಚಿಕ್ಕಮ್ಮ ಹೇಳಿದ್ದು ಪ್ರೀತಿಯಿಂದಲೇ. ಈ ಒಂದು ವಿಷಯದಲ್ಲಿ ಮಾತ್ರ 'ಬೇಡ ಚಿಕ್ಕಮ್ಮ' ಅನ್ನಿ.

ಮುಂದಿನ ತಿಂಗಳವರೆಗೆ ಕಾಯದೆ ರಿಪೋರ್ಟ್ ಹಿಡಿದು ಎಆರ್‌ಟಿ ವೈದ್ಯರ ಬಳಿ ಹೋಗಿ. 'ನನ್ನ ಮಾತ್ರೆಯಲ್ಲಿ ಟೆನೊಫೊವಿರ್ ಇದೆಯಾ? ಲಿವರ್ ಪರೀಕ್ಷೆ ಯಾವಾಗ?' ಎಂದು ಕೇಳಿ. ಕಣ್ಣು ಹಳದಿಯಾದರೆ, ಹೊಟ್ಟೆ ಊದಿದರೆ ತಡಮಾಡಬೇಡಿ.

ಮಗಳಿಗೂ ಪರೀಕ್ಷೆ ಮಾಡಿಸಿ. ಸೋಂಕಿಲ್ಲದೆ, ಲಸಿಕೆಯೂ ಆಗಿರದಿದ್ದರೆ ಮೂರು ಡೋಸ್ ಹಾಕಿಸಿ. ಬ್ಲೇಡು, ಟೂತ್‌ಬ್ರಷ್, ನೈಲ್ ಕಟರ್ ಬೇರೆ ಇದ್ದರೆ ಸಾಕು. ಜೊತೆಗೆ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ ಇದು ಹರಡುವುದಿಲ್ಲ.

2018ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ಮನಸ್ಸು ಭಾರವಾದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಹೆಸರು ಹೇಳಬೇಕಿಲ್ಲ, ದುಡ್ಡೂ ಬೇಡ.

ಎಚ್‌ಐವಿ ಜೊತೆ ಬದುಕುತ್ತಾ ಇದನ್ನು ಓದುತ್ತಿರುವ ಉಳಿದವರೂ, ತಮಗೆ ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ಎಂದು ಒಮ್ಮೆ ಕೇಳಿಕೊಳ್ಳಿ.

ನೀವು ಇವತ್ತು ರಾತ್ರಿ ಮಗಳ ಪಕ್ಕ ಕೂತು ಊಟ ಮಾಡಿ. ಮಾತ್ರೆ ತಪ್ಪಿಸಬೇಡಿ.