ಮೊದಲು ಕಡತ, ಆಮೇಲೆ ತಿದ್ದುಪಡಿ

ಅಡ್ಡಹೆಸರಿನಲ್ಲಿ ನಾಯ್ಕ ಬೇರೆ, ನಾಯಕ ಬೇರೆ ಎಂದು ಅಂಕೋಲಾ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಪ್ಪ ಕೈಬರಹದ ಪಹಣಿಯಲ್ಲಿ ನಾಯ್ಕರೇ ಆಗಿದ್ದರು. ದಾಖಲೆಗಳೆಲ್ಲ ‘ಭೂಮಿ’ ತಂತ್ರಾಂಶಕ್ಕೆ ಏರಿದ ಮೇಲೆ ಒಂಬತ್ತನೇ ಕಾಲಂನಲ್ಲಿ ನಾಯಕರಾದರು. ಅವರು ಇರುವಷ್ಟು ದಿನ ಯಾರೂ ಕೇಳಲಿಲ್ಲ. ತೀರಿಕೊಂಡ ಮೇಲೆ ವಾರಸಾ ಖಾತೆಗೆ ಹೋದರೆ, ಮರಣ ಪತ್ರದಲ್ಲಿರುವವರೂ ಪಹಣಿಯಲ್ಲಿರುವವರೂ ಒಬ್ಬರೇ ಎಂಬುದಕ್ಕೆ ದಾಖಲೆ ತನ್ನಿ ಎಂದರು.

ಇದು ನಮ್ಮೊಂದು ಮನೆಯ ಕತೆಯಲ್ಲ. ರಾಜೀವ್ ಗಾಂಧಿ 1986ರಲ್ಲಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ ಬಿಟ್ಟೆದ್ದವು. 1894ರ ಭೂಸ್ವಾಧೀನ ಕಾಯ್ದೆಯ 28ಎ ಕಲಂ ಪ್ರಕಾರ ಹೆಚ್ಚುವರಿ ಪರಿಹಾರಕ್ಕೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾದರು. ಕಾಯುತ್ತಲೇ ತೀರಿಹೋದವರೂ ಇದ್ದಾರೆ. ಅಂಥ ಮನೆಗಳಲ್ಲಿ ಅವಾರ್ಡಿನ ಹೆಸರಿಗೂ ಮಕ್ಕಳ ಆಧಾರ್, ಪಾಸ್‌ಬುಕ್ಕಿನಲ್ಲಿರುವ ತಂದೆಯ ಹೆಸರಿಗೂ ತಾಳೆಯಾಗದಿದ್ದರೆ ಎಷ್ಟು ಸಂಕಟವೆಂದು ತೋಡೂರು, ಹಾರವಾಡದ ಕಾಲೊನಿಗಳಲ್ಲಿ ಕೇಳಿದರೆ ಗೊತ್ತಾಗುತ್ತದೆ.

ಅಪ್ಪನ ಹೆಸರು ಸರಿಪಡಿಸಲು ನಾನು ಹಿಡಿದದ್ದು ಮಾಹಿತಿ ಹಕ್ಕಿನ ದಾರಿ. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಹಾಗಾಗಿ ಸಿಟ್ಟಿಗೆ ಅಲ್ಲಿ ಜಾಗವಿಲ್ಲ. ‘ಹೆಸರು ಯಾಕೆ ತಪ್ಪಾಯಿತು’ ಎಂದು ಬರೆದರೆ, ಕಡತದಲ್ಲಿ ಇಲ್ಲದ ಕಾರಣವನ್ನು ಹುಡುಕಿ ಹೇಳುವ ಹೊಣೆ ಮಾಹಿತಿ ಅಧಿಕಾರಿಗಿಲ್ಲ. ಸರ್ವೆ ನಂಬರು, ಹಿಸ್ಸಾ ಬರೆದು, ಇಂತಿಂಥ ವರ್ಷಗಳ ಕೈಬರಹದ ಪಹಣಿ ಮತ್ತು ಹಕ್ಕು ಬದಲಾವಣೆಯ ದಾಖಲೆಗಳ ದೃಢೀಕೃತ ನಕಲು ಕೇಳಿದೆ. ಕೊನೆಗೆ ಒಂದು ಸಾಲು: ಹೆಸರು ಬದಲಿಸಲು ಆದೇಶವಾಗಿದ್ದರೆ ಅದರ ನಕಲು ಕೊಡಿ, ಇಲ್ಲದಿದ್ದರೆ ಇಲ್ಲವೆಂದು ಬರೆದು ಕೊಡಿ. ಇಡೀ ಅರ್ಜಿಯಲ್ಲಿ ಕೆಲಸ ಮಾಡಿದ್ದು ಆ ಸಾಲೇ.

ಕಡತವನ್ನು ಕಣ್ಣಾರೆ ನೋಡುವುದಕ್ಕೂ ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಂನಲ್ಲಿ ಅವಕಾಶವಿದೆ. ಇದನ್ನು ಬಳಸುವವರು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ. ರೆಕಾರ್ಡ್ ರೂಮಿನಲ್ಲಿ ಕೆಂಪು ಬಟ್ಟೆಯ ಗಂಟು ಬಿಚ್ಚಿದರು. ಹಾಳೆಗಳ ಅಂಚು ಮುಟ್ಟಿದರೆ ಉದುರುತ್ತಿತ್ತು. ಹಳೆಯ ಶಾನಭೋಗರ ಓರೆ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ, ಅಪ್ಪನ ಹೆಸರು, ‘ಯ್ಕ’ ಸ್ಪಷ್ಟವಾಗಿತ್ತು. ಪುಟದ ಸಂಖ್ಯೆ ಬರೆದುಕೊಂಡೆ.

ಉತ್ತರ ಬಂತು: ಹೆಸರು ಬದಲಾವಣೆಯ ಆದೇಶ ಕಡತದಲ್ಲಿ ಲಭ್ಯವಿಲ್ಲ. ಆದೇಶವೇ ಇಲ್ಲದೆ ಬದಲಾದ ಹೆಸರು ಕೈತಪ್ಪೇ ಹೊರತು ಹಕ್ಕಿನ ತಕರಾರಲ್ಲ. ಆದರೆ ಮಾಹಿತಿ ಹಕ್ಕು ನಕಲು ಕೊಡಿಸುತ್ತದೆ, ತಿದ್ದಿ ಕೊಡುವುದಿಲ್ಲ. ಹಾಗಾಗಿ ಹಳೆಯ ಪಹಣಿ, ಆ ಉತ್ತರ, ಮರಣ ಪತ್ರ ಮೂರನ್ನೂ ಲಗತ್ತಿಸಿ ತಹಶೀಲ್ದಾರರಿಗೆ ಬೇರೆಯೇ ತಿದ್ದುಪಡಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆ. ಹಕ್ಕು ಬದಲಾವಣೆಯ ಆದೇಶವೇ ತಪ್ಪಾಗಿದ್ದರೆ ದಾರಿ ಬೇರೆ. 1964ರ ಭೂಕಂದಾಯ ಕಾಯ್ದೆಯ 136ನೇ ಕಲಂನಂತೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬೇಕಾಗುತ್ತದೆ.

ಪಹಣಿ ಸರಿಯಾಗಿ ವಾರಸಾ ಖಾತೆಯೂ ಆಯಿತು. ಈಗ ಅಲಗೇರಿ ವಿಮಾನ ನಿಲ್ದಾಣಕ್ಕೆ ಜಮೀನು ಹೋದ ಪರಿಚಯದವರೊಬ್ಬರ ಕಾಗದಪತ್ರ ನನ್ನ ಮೇಜಿನ ಮೇಲಿದೆ. ಅವರ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅಡ್ಡಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ. ಕೈಬರಹದ ಪಹಣಿಯ ನಕಲಿಗೆ ಅರ್ಜಿ ಬರೆದಾಗಿದೆ, ಸೋಮವಾರ ಕೊಡುತ್ತೇವೆ.