ಪ್ರೊಫೈಲಿನ ಫಂಕ್ಷನ್‌ಗಳನ್ನು ಸ್ಕ್ರಿಪ್ಟಿನಲ್ಲಿ ಬಳಸುವ ಬಗೆ

ಲಿನಕ್ಸ್ ಬಳಸುವ ವಿದ್ಯಾರ್ಥಿಗಳಿಗೆ ಶೆಲ್ಲಿನ ಪರಿಚಯವು ಇದ್ದೇ ಇರುತ್ತದೆ. ನಾವು ಕೊಟ್ಟ ಆಜ್ಞೆಯನ್ನು ಓದಿ ಗಣಕಯಂತ್ರದಿಂದ ಕೆಲಸ ಮಾಡಿಸುವ ಮಧ್ಯಸ್ಥನೇ ಶೆಲ್. ಬೆಲ್ ಪ್ರಯೋಗಶಾಲೆಯ ಸ್ಟೀಫನ್ ಬೋರ್ನ್ ರಚಿಸಿದ ಶೆಲ್ 1979ರಲ್ಲಿ ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ ಬಂದಿತು. ಅದೇ ಮಾರ್ಗದಲ್ಲಿ ಬ್ರಯಾನ್ ಫಾಕ್ಸ್ 1989ರಲ್ಲಿ ಬ್ಯಾಶ್ ಎಂಬ ಶೆಲ್ಲನ್ನು ಹೊರತಂದರು. ಈ ಪಾಠವು ಬ್ಯಾಶ್‌ಗೆ ಸಂಬಂಧಿಸಿದುದು.

ಹಲವು ಆಜ್ಞೆಗಳನ್ನು ಕೂಡಿಸಿ ಒಂದು ಹೆಸರಿನಿಂದ ಕರೆದರೆ ಅದು ಫಂಕ್ಷನ್ ಎನಿಸುವುದು. ಮನೆಯ ಡೈರೆಕ್ಟರಿಯಲ್ಲಿರುವ ‘.ಬ್ಯಾಶ್‌ಆರ್‌ಸಿ’ ಎಂಬ ಪ್ರೊಫೈಲ್ ಫೈಲಿನಲ್ಲಿ ಅದನ್ನು ಬರೆದಿಟ್ಟರೆ, ಟರ್ಮಿನಲ್ ತೆರೆದಾಗಲೆಲ್ಲ ಅದು ಸಿದ್ಧವಾಗಿರುತ್ತದೆ. ಆದರೆ ಅದು ಸ್ಕ್ರಿಪ್ಟಿನೊಳಗೂ ಸಿದ್ಧವಾಗಿರುವುದೆಂದು ನಂಬಿದರೆ ಕೆಡುಕಾದೀತು.

‘ಆರ್‌ಎಂ’ ಆಜ್ಞೆಯು ಫೈಲನ್ನು ಅಳಿಸಿಬಿಡುತ್ತದೆಂಬುದು ನಿಮಗೆ ತಿಳಿದಿದೆ. ಒಬ್ಬ ವಿದ್ಯಾರ್ಥಿಯು ಜಾಗರೂಕತೆಯಿಂದ ಅದೇ ಹೆಸರಿನ ಫಂಕ್ಷನ್ ಬರೆದು, ಫೈಲು ಅಳಿಯದೆ ‘ಬುಟ್ಟಿ’ ಎಂಬ ಡೈರೆಕ್ಟರಿಗೆ ಹೋಗುವಂತೆ ಮಾಡಿದನೆನ್ನಿ. ಟರ್ಮಿನಲ್ಲಿನಲ್ಲಿ ಅದು ಚೆನ್ನಾಗಿಯೇ ನಡೆಯಿತು. ಅನಂತರ ಹಳೆಯ ಚಿತ್ರಗಳನ್ನು ತೆಗೆಯಲೆಂದು ಒಂದು ಸ್ಕ್ರಿಪ್ಟ್ ಬರೆದು, ಅದರಲ್ಲಿಯೂ ‘ಆರ್‌ಎಂ’ ಎಂದೇ ಬರೆದನು. ಸ್ಕ್ರಿಪ್ಟು ಸದ್ದಿಲ್ಲದೆ ಮುಗಿಯಿತು. ಬುಟ್ಟಿಯಲ್ಲಿ ನೋಡಿದರೆ ಏನೂ ಇಲ್ಲ! ಅಲ್ಲಿ ಓಡಿದುದು ಅವನ ಫಂಕ್ಷನ್ ಅಲ್ಲ, ನಿಜವಾದ ‘ಆರ್‌ಎಂ’.

ಹೀಗೇಕಾಯಿತು? ಸ್ಕ್ರಿಪ್ಟನ್ನು ಓಡಿಸಿದಾಗ ಅದಕ್ಕಾಗಿ ಬೇರೊಂದು ಶೆಲ್ ಹುಟ್ಟುತ್ತದೆ. ಒಂದು ತರಗತಿಯ ಕರಿಹಲಗೆಯ ಮೇಲೆ ಬರೆದುದು ಪಕ್ಕದ ಕೊಠಡಿಯಲ್ಲಿ ಕಾಣುವುದೇ? ವಿದ್ಯಾರ್ಥಿಯ ಜೇಬಿನಲ್ಲಿರುವ ಚೀಟಿ ಮಾತ್ರ ಅವನೊಡನೆ ಹೋಗುತ್ತದೆ. ಫಂಕ್ಷನ್ ಹಲಗೆಯ ಬರಹದಂತೆ. ಎಕ್ಸ್‌ಪೋರ್ಟ್ ಮಾಡಿದ ವೇರಿಯಬಲ್ ಜೇಬಿನ ಚೀಟಿಯಂತೆ. ಸ್ಕ್ರಿಪ್ಟಿನ ಶೆಲ್ಲು ‘.ಬ್ಯಾಶ್‌ಆರ್‌ಸಿ’ಯನ್ನು ತಾನಾಗಿ ಓದುವುದೂ ಇಲ್ಲ.

ಫಂಕ್ಷನನ್ನೇ ಚೀಟಿಯಾಗಿ ಮಾಡುವ ಉಪಾಯವೂ ಬ್ಯಾಶ್‌ನಲ್ಲಿ ಉಂಟು: ‘ಎಕ್ಸ್‌ಪೋರ್ಟ್ -ಎಫ್’. ಆದರೆ ಈ ಚೀಟಿಯನ್ನು ಬ್ಯಾಶ್ ಒಂದೇ ಓದಬಲ್ಲುದು. ಇದರ ಓದುವಿಕೆಯಲ್ಲಿದ್ದ ದೋಷವೇ 2014ರ ಸೆಪ್ಟೆಂಬರಿನಲ್ಲಿ ‘ಶೆಲ್‌ಶಾಕ್’ ಎಂಬ ಹೆಸರಿನಿಂದ ಲೋಕಕ್ಕೆಲ್ಲ ತಿಳಿದುದು. ಫಂಕ್ಷನ್ನಿನ ಬಾಲಕ್ಕೆ ಸೇರಿಸಿದ ಪರರ ಆಜ್ಞೆಗಳನ್ನೂ ಬ್ಯಾಶ್ ನಡೆಸಿಬಿಡುತ್ತಿತ್ತು. ದೋಷವನ್ನು ಆಗಲೇ ತಿದ್ದಿದರು. ಆದರೂ ನಮ್ಮ ಕೆಲಸಕ್ಕೆ ಈ ಮಾರ್ಗ ಅನವಶ್ಯಕ.

ಸ್ಕ್ರಿಪ್ಟಿನೊಳಗಿಂದ ಪ್ರೊಫೈಲನ್ನೇ ಓದಿಸಬಾರದೇ ಎಂದು ಕೇಳಬಹುದು. ಡೆಬಿಯನ್, ಉಬುಂಟುಗಳು ಕೊಡುವ ‘.ಬ್ಯಾಶ್‌ಆರ್‌ಸಿ’ಯ ಮೊದಲಲ್ಲಿಯೇ, ಮನುಷ್ಯನೊಡನೆ ಮಾತಾಡುತ್ತಿರುವ ಶೆಲ್ ಅಲ್ಲವಾದರೆ ಅಲ್ಲಿಂದಲೇ ಹಿಂದಿರುಗಬೇಕೆಂಬ ನಿಯಮವಿದೆ. ಆದುದರಿಂದ ಕೆಳಗೆ ಬರೆದ ಫಂಕ್ಷನ್ ಸ್ಕ್ರಿಪ್ಟಿಗೆ ದೊರೆಯುವುದೇ ಇಲ್ಲ.

ಸರಿಯಾದ ಮಾರ್ಗವೆಂದರೆ ಫಂಕ್ಷನ್‌ಗಳಿಗೆ ಬೇರೊಂದು ಫೈಲನ್ನು ಮಾಡಿ, ಪ್ರೊಫೈಲೂ ಸ್ಕ್ರಿಪ್ಟೂ ಅದನ್ನೇ ‘ಸೋರ್ಸ್’ ಆಜ್ಞೆಯಿಂದ ಓದುವಂತೆ ಮಾಡುವುದು. ಸೋರ್ಸ್ ಹೊಸ ಶೆಲ್ಲನ್ನು ಹುಟ್ಟಿಸದೆ, ಇದ್ದ ಹಲಗೆಯ ಮೇಲೆಯೇ ಬರೆಯುತ್ತದೆ. ಫೈಲಿನ ಪೂರ್ಣ ವಿಳಾಸವನ್ನು ಕೊಡತಕ್ಕದ್ದು. ಇಲ್ಲವಾದರೆ ನಾವು ಯಾವ ಡೈರೆಕ್ಟರಿಯಲ್ಲಿ ನಿಂತಿದ್ದೇವೆಂಬುದರ ಮೇಲೆ ಫಲವು ಬದಲಾಗುವುದು. ಇನ್ನೂ ಮುಖ್ಯವಾದುದೊಂದಿದೆ. ಆ ಫೈಲು ಸಿಕ್ಕದಿದ್ದರೆ ಬ್ಯಾಶ್ ಒಂದು ದೂರು ಹೇಳಿ ಮುಂದಿನ ಸಾಲಿಗೆ ಹೋಗಿಬಿಡುತ್ತದೆ; ಮುಂದಿನ ಸಾಲು ‘ಆರ್‌ಎಂ’ ಆಗಿದ್ದರೆ ಗತಿಯೇನು? ಆದುದರಿಂದ ಸೋರ್ಸ್ ವಿಫಲವಾದರೆ ಸ್ಕ್ರಿಪ್ಟ್ ಅಲ್ಲಿಯೇ ನಿಲ್ಲಲೆಂದು, ಅದೇ ಸಾಲಿನ ಕೊನೆಗೆ ಎರಡು ನೆಟ್ಟಗಿನ ಗೆರೆಗಳನ್ನು ಹಾಕಿ ‘ಎಕ್ಸಿಟ್ 1’ ಎಂದು ಬರೆಯಬೇಕು.

ಫಂಕ್ಷನ್ನಿಗೆ ‘ಆರ್‌ಎಂ’ ಎಂಬ ಹೆಸರನ್ನೇ ಇಡುವುದು ನನಗೆ ಸಮ್ಮತವಲ್ಲ. ‘ತೆಗೆದಿಡು’ ಎಂದು ಬೇರೆ ಹೆಸರಿಟ್ಟರೆ, ಫಂಕ್ಷನ್ ದೊರೆಯದಾಗ ಆಜ್ಞೆ ಸಿಕ್ಕಲಿಲ್ಲವೆಂಬ ಮಾತು ಬರುತ್ತದೆ, ಚಿತ್ರಗಳು ಉಳಿಯುತ್ತವೆ. ಫಂಕ್ಷನ್ನಿನಿಂದ ಹೊರಬರಲು ‘ರಿಟರ್ನ್’ ಬಳಸಿರಿ. ‘ಎಕ್ಸಿಟ್’ ಎಂದರೆ ಕರೆದ ಸ್ಕ್ರಿಪ್ಟೇ ಮುಗಿದುಹೋಗುವುದು, ಟರ್ಮಿನಲ್ಲಿನಲ್ಲಾದರೆ ಆ ಶೆಲ್ಲೇ ಮುಚ್ಚಿಹೋಗುವುದು.

ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬ್ಯಾಶ್ ಎಂದೇ ಇರಲಿ. ಉಬುಂಟುವಿನಲ್ಲಿ ‘ಎಸ್‌ಎಚ್’ ಎಂದರೆ ಡ್ಯಾಶ್ ಎಂಬ ಬೇರೊಂದು ಶೆಲ್. ಅದಕ್ಕೆ ‘ಸೋರ್ಸ್’ ಎಂಬ ಪದ ತಿಳಿಯದು, ಅದೇ ಅರ್ಥದ ಒಂಟಿ ಚುಕ್ಕೆ ಮಾತ್ರ ತಿಳಿಯುವುದು. ಸಂದೇಹವಿದ್ದಲ್ಲಿ ಸ್ಕ್ರಿಪ್ಟಿನೊಳಗೆ ‘ಟೈಪ್’ ಎಂದು ಬರೆದು ಮುಂದೆ ಆ ಹೆಸರನ್ನು ಬರೆಯಿರಿ. ಅದು ಫಂಕ್ಷನ್ನೋ, ಡಿಸ್ಕಿನಲ್ಲಿರುವ ಪ್ರೋಗ್ರಾಮೋ ಎಂಬುದನ್ನು ಬ್ಯಾಶ್ ತಾನೇ ಹೇಳುತ್ತದೆ.