ಪೆಡಲ್ ಪಟ್ಟಿ ಕೊಳ್ಳುವ ಮುನ್ನ

ಫಿಕ್ಸೆಡ್ ಗೇರ್ ಸೈಕಲ್ ಹೇರಿಕೊಂಡು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊಸಪೇಟೆಗೆ ಬಂದಿಳಿಯುವ ಹುಡುಗರಿಗೊಂದು ಮಾತು. ಹಂಪಿ ಬಜಾರಿನ ಬಾಡಿಗೆ ಸೈಕಲ್ಲಾದರೆ ಇಳಿಜಾರಿನಲ್ಲಿ ತುಳಿಯದೆ ಸುಮ್ಮನೆ ಕೂರಬಹುದು. ನಿಮ್ಮದರಲ್ಲಿ ಆ ಸುಖವಿಲ್ಲ. ಚಕ್ರ ಉರುಳುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಕೃಷ್ಣ ದೇವಾಲಯ ದಾಟಿ ಬಜಾರಿಗೆ ಇಳಿಯುವಾಗ ಕಾಲು ಜಾರಿತೋ, ಪೆಡಲ್ ಬಂದು ಮೊಣಕಾಲಿನ ಕೆಳಗೇ ಬಡಿಯುತ್ತದೆ.

ಅದಕ್ಕೇ ಪಾದವನ್ನು ಪೆಡಲಿಗೆ ಹಿಡಿದಿಡುವ ಪಟ್ಟಿ. ಉಕ್ಕಿನ ಟೋ ಕ್ಲಿಪ್ಪು, ತೊಗಲಿನ ಬೆಲ್ಟು ನೋಡಲು ಚೆಂದ, ನನಗೂ ಇಷ್ಟವೇ. ಆದರೆ ಬಿಗಿದ ಬೆಲ್ಟನ್ನು ಬಗ್ಗಿ ಕೈಯಿಂದಲೇ ಸಡಿಲಿಸಬೇಕು. ವಿರೂಪಾಕ್ಷನ ಮುಂದೆ ಶೂ ಬಿಡಲು, ಎಳನೀರು ಕುಡಿಯಲು, ಎಮ್ಮೆ ಅಡ್ಡ ಬಂತೆಂದು ಹತ್ತು ಸಲ ಕಾಲೂರಬೇಕಾದ ಊರಿದು. ಇಲ್ಲಿಗೆ ಅಗಲವಾದ ವೆಲ್ಕ್ರೋ ಪಟ್ಟಿಯೇ ವಾಸಿ. ಪೆಡಲಿನ ಮೇಲೆ ಓರೆಯಾಗಿ ಕೂರಿಸಿ. ಹಿಮ್ಮಡಿ ಹೊರಕ್ಕೆ ತಿರುಗಿಸಿ ಪಾದ ತೂರಿಸಿ, ನೇರ ಮಾಡಿದರೆ ತಾನೇ ಬಿಗಿಯಾಗುತ್ತದೆ. ಮತ್ತೆ ಹೊರಕ್ಕೆ ತಿರುಗಿಸಿದರೆ ಪಾದ ಸಲೀಸಾಗಿ ಹೊರಬರುತ್ತದೆ.

ಅಂಗಡಿಗೆ ಹೋಗುವಾಗ ಓಡಿಸುವ ಶೂವನ್ನೇ ಹಾಕಿಕೊಂಡು ಹೋಗಿ, ಅದರ ಅಳತೆಗೇ ಪಟ್ಟಿ ಹೊಂದಿಸಿ. ವೆಲ್ಕ್ರೋಗೆ ಮಣ್ಣು ಹೊಕ್ಕರೆ ಹಿಡಿತ ಸಡಿಲ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಪಟ್ಟಿ ಇದೆಯೆಂದು ಮುಂದಿನ ಬ್ರೇಕ್ ಮಾತ್ರ ಬಿಚ್ಚಬೇಡಿ, ಮಾರಾಯ್ರೇ.